ಬಲಕ್ಕೆ ಹಾಸಿದ ಚಾಪೆ

ಮುಂಬಯಿಯ ಪರೇಲಿನ ಆ ಚಾಳಿನಲ್ಲಿ ಯಾರಾದರೂ ಸ್ಟೀಮರಿನಲ್ಲಿ ಹೊರಟರೆಂದರೆ ಮೊದಲು ಮೆಟ್ಟಿಲ ಕೆಳಗೆ ಹೋಗಿ ಬಗ್ಗಿ ನಿಲ್ಲಬೇಕಾಗಿತ್ತು. ಮಾಳಿಗೆಗೆ ಹೋಗುವ ಮರದ ಮೆಟ್ಟಿಲ ಕೆಳಗಿನ ಮೂಲೆಗೆ ಗೋಣಿತಟ್ಟಿನ ಪರದೆ ಕಟ್ಟಿಕೊಂಡು ಸೇವಂತಿ ಎಂಬ ಹೆಂಗಸು ಇದ್ದಳು. ಅಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವಿರಲಿಲ್ಲ. ಆದ್ದರಿಂದ ಕೇಳಲು ಬಂದವರು ತಲೆ ತಗ್ಗಿಸಿಯೇ ಕೇಳುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು. ಬೇರೆ ಯಾವ ಕಾರಣಕ್ಕೂ ಅವಳ ಮುಂದೆ ಯಾರೂ ತಲೆ ತಗ್ಗಿಸಿದವರಲ್ಲ.

"ಹೊರಡುವ ದಿನ ಏನು ತಿನ್ನಬೇಕು ಅಕ್ಕಾ?"

"ಹೊಟ್ಟೆ ಖಾಲಿ ಇಡಬೇಡಿ ಮಾರಾಯ್ತಿ. ಖಾಲಿ ಹೊಟ್ಟೆಯೇ ಮೊದಲು ತಿರುಗುದು. ಒಣ ಅವಲಕ್ಕಿ ತಿನ್ನಿ, ಹುರಿಗಡಲೆ ತಿನ್ನಿ. ಹಾಲು ಮೊಸರು ಮುಟ್ಟುದೇ ಬೇಡ. ಲಿಂಬೆಹಣ್ಣನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳಿ, ಟ್ರಂಕಿನಲ್ಲಿ ಅಲ್ಲ. ವಾಂತಿ ಬಂದಾಗ ಬೀಗ ತೆಗೆಯುತ್ತ ಕೂತರೆ ಆದೀತಾ?"

"ಮಕ್ಕಳಿದ್ದಾರೆ, ಓಡಾಡುತ್ತವೆ."

"ಮಗುವಿನ ಸೊಂಟಕ್ಕೆ ಹಳೇ ಸೀರೆಯ ಅಂಚು ಕಟ್ಟಿ, ಇನ್ನೊಂದು ತುದಿ ನಿಮ್ಮ ಕೈಗೆ. ನಗುವವರು ನಗಲಿ. ಅವರ ಮಗು ಅಲ್ಲವಲ್ಲ."

ಇವೆಲ್ಲ ಆದ ಮೇಲೆ ಬರುತ್ತಿದ್ದುದು ಮುಖ್ಯ ಪ್ರಶ್ನೆ. ಎಲ್ಲಿ ಕೂರಬೇಕು? ಸ್ಟೀಮರಿನ ಡೆಕ್ಕಿನ ಮೇಲೆ ಹೋಗುವವರಿಗೆ ಇಂತಹುದೇ ಜಾಗ ಎಂದು ಇರುವುದಿಲ್ಲ. ಮೊದಲು ಹತ್ತಿ ಎಲ್ಲಿ ಚಾಪೆ ಬಿಚ್ಚಿದರೋ ಆ ಚಾಪೆಯಷ್ಟು ಜಾಗ ಊರು ಮುಟ್ಟುವವರೆಗೂ ಅವರದು. ಬೇರೆಯವರು ಸುತ್ತಿ ಹೋಗುತ್ತಾರೆಯೇ ಹೊರತು ಹಾಸಿದ ಚಾಪೆಯನ್ನು ತುಳಿಯುವುದಿಲ್ಲ. ಒಮ್ಮೆ ಹಾಸಿದ ಮೇಲೆ ಬದಲಿಸಲೂ ಆಗುವುದಿಲ್ಲ, ಅಷ್ಟರಲ್ಲಿ ಎಲ್ಲ ತುಂಬಿಹೋಗಿರುತ್ತದೆ.

"ಬಲಕ್ಕೆ," ಎನ್ನುತ್ತಿದ್ದಳು ಸೇವಂತಿ. "ಸ್ಟೀಮರಿನ ಮೂತಿ ಕಡೆ ಮುಖ ಮಾಡಿ ನಿಂತರೆ ಬಲಗೈ ಎಲ್ಲುಂಟೋ ಅಲ್ಲಿ. ಮಧ್ಯಾಹ್ನದ ಮೇಲೆ ನೆರಳು. ದಂಡೆ ಕಾಣ್ತದೆ, ಗುಡ್ಡ ಕಾಣ್ತದೆ, ನೀರು ಸಿಡಿಯುದಿಲ್ಲ. ನಾವು ಬರುವಾಗ ಅವರು ಯಾವಾಗಲೂ ಬಲಕ್ಕೇ ಹಾಸುದು."

ಅವರೆಂದರೆ ಅವಳ ಗಂಡ ದೂಜ. ಅವನು ಸ್ಟೀಮರಿನಲ್ಲಿ ಖಲಾಸಿಯಾಗಿದ್ದ. ಗಂಡ ತನ್ನನ್ನು ದಕ್ಷಿಣದ ವೆಂಗುರ್ಲೆ ಬಂದರಿನವರೆಗೂ ಎಷ್ಟೋ ಸಲ ಕರೆದುಕೊಂಡು ಹೋಗಿ ಬಂದಿದ್ದಾನೆ, ಸಾಹೇಬರ ಮಡದಿಯಂತೆ ಕೂರಿಸಿಕೊಂಡು ತಿರುಗಿಸಿದ್ದಾನೆ ಎಂಬುದು ಅವಳು ಹೇಳಿಕೊಂಡು ಬಂದ ಮಾತು. ಹಾಗೆಂದೇ ಚಾಳಿನವರು ಅವಳನ್ನು ಸ್ಟೀಮರ್ ಅಕ್ಕ ಎಂದು ಕರೆದರು. ನಲ್ಲಿಯ ಸಾಲಿನಲ್ಲಿ ಸ್ಟೀಮರ್ ಅಕ್ಕನ ಕೊಡಕ್ಕೆ ಯಾರಾದರೂ ಜಾಗ ಬಿಡುತ್ತಿದ್ದರು. ಊರಿಗೆ ಹೊರಟ ಮದುಮಗಳ ಗಂಟನ್ನು ಸ್ಟೀಮರ್ ಅಕ್ಕನ ಎದುರಿಗೇ ಕಟ್ಟುತ್ತಿದ್ದರು. ಕೆಳಗಿನ ಉಡುಪಿ ಹೋಟೆಲಿಗೆ ಅಕ್ಕಿ, ಉದ್ದು ಆರಿಸಿಕೊಟ್ಟು ಹೊಟ್ಟೆ ಹೊರೆಯುತ್ತ, ಮಕ್ಕಳಿಲ್ಲದೆ, ಮೆಟ್ಟಿಲ ಕೆಳಗೆ ಮಲಗುವ ಹೆಂಗಸನ್ನು ಗಂಡ ಬಿಟ್ಟವಳು ಎನ್ನದೆ ಅಕ್ಕ ಎನ್ನುತ್ತಿದ್ದುದು ಈ ಒಂದೇ ಕಾರಣಕ್ಕೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೇವಂತಿ ಸ್ಟೀಮರ್ ಹತ್ತಿಯೇ ಇರಲಿಲ್ಲ.

ಅವಳ ತಂದೆ ಉಡುಪಿ ಕಡೆಯವನು, ಬೆಳಗಾವಿಯ ಹೋಟೆಲಿನಲ್ಲಿ ಅಡುಗೆಗಿದ್ದ. ಅವಳು ಹುಟ್ಟಿ ಬೆಳೆದದ್ದು ಬೆಳಗಾವಿಯಲ್ಲಿ. ದೂಜ ಮದುವೆಯಾಗಿ ಅವಳನ್ನು ಮುಂಬಯಿಗೆ ತಂದದ್ದು ರೈಲಿನಲ್ಲಿ. ಮದುವೆಯಾದ ವರ್ಷವೇ ಅವನು ಒಂದು ಬಣ್ಣದ ಚಾಪೆ ತಂದುಕೊಟ್ಟು, "ಸ್ಟೀಮರಿನಲ್ಲಿ ಹಾಸಲಿಕ್ಕೆ ಇದು. ಮಳೆ ನಿಲ್ಲಲಿ, ಕರಕೊಂಡು ಹೋಗ್ತೇನೆ," ಎಂದ. ಮಳೆಗಾಲದಲ್ಲಿ ಸ್ಟೀಮರ್ ನಿಲ್ಲುತ್ತದೆ. ಮಳೆ ನಿಂತಿತು, ಸ್ಟೀಮರ್ ಹೊರಟಿತು, ದೂಜ ಹೋದ. ಚಾಪೆ ಉಳಿಯಿತು. ಪ್ರತಿವರ್ಷ ಅದೇ ಮಾತು. ಕಡೆಗೆ ಒಂದು ವರ್ಷ ಹೋದವನು ಬರಲಿಲ್ಲ. ಸ್ಟೀಮರ್ ನಿಲ್ಲುವ ಮಾಲವಣದಲ್ಲಿ ಅವನಿಗೆ ಇನ್ನೊಂದು ಮನೆ ಇತ್ತೆಂದು ಇನ್ನೊಬ್ಬ ಖಲಾಸಿ ಹೇಳಿದ. ಸೇವಂತಿ ಆ ಮಾತನ್ನು ನಂಬಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಸ್ಟೀಮರ್ ಬರುವ ದಿನ ಅದು ಬಂದು ತಾಗುವ ಭಾವೂಚಾ ಧಕ್ಕೆಗೆ ಹೋಗಿ ನಿಲ್ಲತೊಡಗಿದಳು.

ನಿಂತು ನಿಂತು ಅವಳಿಗೆ ಬೇಸರವಾಗುತ್ತಿತ್ತು. ಇಳಿದು ಬಂದ ಹೆಂಗಸರ ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಗಂಟು ಹೊರಲು ಕೈ ಕೊಡುತ್ತಿದ್ದಳು, ಮಾತಾಡಿಸುತ್ತಿದ್ದಳು. ಪ್ರಯಾಣ ಹೇಗಾಯಿತು? ಎಲ್ಲಿ ಕೂತಿದ್ದಿರಿ? ವಾಂತಿಯಾಯಿತಾ? ಬಂದವರು ಹೇಳುತ್ತಿದ್ದರು. ಬಲಕ್ಕೆ ಕೂತವರು ತಣ್ಣಗಿದ್ದರು, ಎಡಕ್ಕೆ ಕೂತವರು ಬೆಂದಿದ್ದರು. ಹೀಗೆ ಅವಳ ವಿದ್ಯೆ ಬೆಳೆಯಿತು. ಅದಷ್ಟೂ ದಕ್ಷಿಣದಿಂದ ಉತ್ತರಕ್ಕೆ, ಮುಂಬಯಿಗೆ ಬರುವವರ ವಿದ್ಯೆ. ಹೊರಡುವ ಸ್ಟೀಮರನ್ನು ನೋಡಲು ಅವಳು ಒಮ್ಮೆಯೂ ಹೋಗಲಿಲ್ಲ. ಹೊರಡುವುದನ್ನು ನೋಡುವ ಮನಸ್ಸು ಅವಳಿಗಿರಲಿಲ್ಲ.

ಇದರಿಂದ ಯಾರಿಗೂ ಕೇಡಾಗಿರಲಿಲ್ಲ. ಕೇಳಿ ಹೋದವರು ಹೆಚ್ಚಾಗಿ ಘಟ್ಟದ ಕೆಳಗಿನವರು, ಸಮುದ್ರ ಕಂಡವರು. ಶುಭ ಹಾರೈಸಲೆಂಬಂತೆ ಅವಳನ್ನು ಕೇಳಿ, ಹತ್ತಿದ ಮೇಲೆ ಬಿಸಿಲು ನೋಡಿಕೊಂಡು ತಮಗೆ ಬೇಕಾದಲ್ಲಿ ಕೂರುತ್ತಿದ್ದರು. ಅವಳ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿದವನು ಬಸವಂತಪ್ಪನೊಬ್ಬನೇ.

ಬಸವಂತಪ್ಪ ವಿಜಾಪುರದ ಕಡೆಯವನು. ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ತುಂಬಿದ ಕೆರೆಯನ್ನೇ ಅಪರೂಪಕ್ಕೆ ಕಂಡವನು. ಒಂದು ವರ್ಷ ಹೆಂಡತಿ ರುದ್ರವ್ವನನ್ನು ಕಟ್ಟಿಕೊಂಡು, ಮಜಾಕ್ಕೆಂದೇ, ರತ್ನಾಗಿರಿಗೆ ಹೋಗಿ ಬರುವ ಮನಸ್ಸು ಮಾಡಿದ. ಮೆಟ್ಟಿಲ ಕೆಳಗೆ ಬಗ್ಗಿ ನಿಂತು ಎಲ್ಲ ಕೇಳಿದ. ಸೊಂಟದಲ್ಲಿ ಲಿಂಬೆಹಣ್ಣು ಸಿಕ್ಕಿಸಿದ. ರೊಟ್ಟಿಯ ಜೊತೆ ಕಟ್ಟಿದ್ದ ಗಟ್ಟಿ ಮೊಸರನ್ನು ಕೂಡ ಮನೆಯಲ್ಲೇ ಬಿಟ್ಟ. ಬಲಕ್ಕೆ ಚಾಪೆ ಹಾಸಿದ.

ಮಧ್ಯಾಹ್ನ ತಿರುಗಿತು. ದಕ್ಷಿಣಕ್ಕೆ ಹೋಗುವ ಸ್ಟೀಮರಿನ ಬಲವೆಂದರೆ ಪಡುವಣ. ಮೇಲಿನ ತಾಡಪತ್ರಿಯ ಕೆಳಗಿಂದ ನುಗ್ಗಿದ ಬಿಸಿಲು ಸಂಜೆಯವರೆಗೂ ಗಂಡಹೆಂಡಿರ ಮುಖದ ಮೇಲೆ ಕೂತಿತು. ಗಾಳಿ ಎದ್ದಾಗ ಉಪ್ಪು ನೀರು ಬಂದು ಸುಟ್ಟ ಚರ್ಮದ ಮೇಲೆ ಬಿತ್ತು. ಸ್ಟೀಮರ್ ಅಕ್ಕ ಹೇಳಿದ ನೆರಳು ಈಗ ಬಂದೀತು, ಆಗ ಬಂದೀತು ಎಂದು ಬಸವಂತಪ್ಪ ಕಾದ. ಮಿಲ್ಲಿಗೆ ಮರಳಿದಾಗ ಮೂಗಿನ ಚರ್ಮ ಹಪ್ಪಳದಂತೆ ಎದ್ದಿತ್ತು. ಆಫೀಸಿನಲ್ಲಿ ಅವನಿಗೆ ಸುಟ್ಟ ಬದನೆಕಾಯಿ ಎಂದು ಹೆಸರಿಟ್ಟರು. ಆ ಹೆಸರು ಮೂಗು ವಾಸಿಯಾದ ಮೇಲೂ ಹೋಗಲಿಲ್ಲ.

ಮರಳಿ ಬರುವಾಗ ಅದೇ ಬಲ ತಂಪಾಗಿತ್ತಲ್ಲ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ ನಗತೊಡಗಿದ.

"ಯಾಕರೀ?" ಎಂದಳು ರುದ್ರವ್ವ.

"ಆ ಹೆಣ್ಣಮಗಳಿಗೆ ಬರೂದಷ್ಟ ಗೊತ್ತದ. ಹೋಗೂದು ಗೊತ್ತೇ ಇಲ್ಲ. ನೀ ಕೇಳಿ ನೋಡು, ಎಲ್ಲಾ ಮಾತಿಗೂ 'ನಾವು ಬರುವಾಗ' ಅಂತಾಳ. 'ಹೋಗುವಾಗ' ಅಂತ ಒಮ್ಮೆರ ಅಂದಾಳೇನು? ಗಂಡ ಕರಕೊಂಡು ಹೋಗಿದ್ದರ ಅಲ್ಲಾ ಬರೂದು? ಧಕ್ಕೆಮ್ಯಾಲೆ ನಿಂತು ಬಂದವರನ್ನ ಕೇಳಿ ಕೇಳಿ ಕಲತಾಳ!"

ರುದ್ರವ್ವನ ಕಣ್ಣು ಅಗಲವಾಯಿತು. "ಅಂದ್ರ ಗಂಡ ಕರಕೊಂಡು ಹೋಗೇ ಇಲ್ಲೇನು?"

"ಇಲ್ಲ! ಒಂದ ಸಲನೂ ಇಲ್ಲ!"

ಕೆಳಗೆ ಹೋಗಿ, ಅಕ್ಕಾ ಹೋಗುವಾಗ ಎಡಕ್ಕೆ ಎಂದು ಹೇಳು ಎಂದು ಸೇವಂತಿಗೆ ತಿಳಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಸವಂತಪ್ಪ ಹೋದದ್ದು ಹೋಟೆಲಿಗೆ. ಹೋಟೆಲಿನ ಮ್ಯಾನೇಜರ್ ರಮಾನಾಥ ಸೇವಂತಿಗೆ ಕೆಲಸ ಕೊಟ್ಟವನು, ಅವಳ ತಂದೆಯ ಕಡೆಯ ಊರಿನವನೇ.

"ಹೋಗಿ ಮಾರಾಯ್ರೇ!" ಎಂದು ರಮಾನಾಥ ಗಲ್ಲಾ ಪೆಟ್ಟಿಗೆಯನ್ನು ಬಡಿದು ನಕ್ಕ. "ಇಷ್ಟು ವರ್ಷ ನಾನೂ ಅವಳನ್ನು ಕೇಳಿಯೇ ಊರಿಗೆ ಹೋದದ್ದು. ಅಲ್ಲ, ಖಲಾಸಿಯ ಹೆಂಡತಿ ಸ್ಟೀಮರ್ ಹತ್ತಲಿಲ್ಲ ಅಂದರೆ ಎಂತದು? ಅಡುಗೆಭಟ್ಟನ ಹೆಂಡತಿ ಅನ್ನ ಕಾಣಲಿಲ್ಲ ಅಂದ ಹಾಗೆ!"

ಮಾತು ಚಾಳಿನ ತುಂಬ ಹರಿಯಿತು. ಆಮೇಲೆ ಮೆಟ್ಟಿಲ ಕೆಳಗೆ ಬರುವವರು ಹೆಚ್ಚಿದರು. ಎಲ್ಲಿಗೂ ಹೋಗುವ ಯೋಚನೆ ಇಲ್ಲದವರೂ ಬಂದು ಬಗ್ಗಿ ನಿಂತರು.

"ಅಕ್ಕಾ, ಸ್ಟೀಮರಿನಲ್ಲಿ ಮಲಗಿದರೆ ತಲೆ ಯಾವ ಕಡೆ?"

"ಅಕ್ಕಾ, ನಿಮ್ಮ ಯಜಮಾನರು ನಿಮಗೆ ದಿಂಬು ಕೊಡುತ್ತಿದ್ದರಾ, ತೊಡೆ ಕೊಡುತ್ತಿದ್ದರಾ?"

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಸೇವಂತಿ ಅದನ್ನು ನಾಚಿಕೆ ಎಂದುಕೊಂಡಳು. ಎಂದೂ ಇಷ್ಟು ಜನ ತನ್ನನ್ನು ಕೇಳಿದ್ದಿಲ್ಲವಲ್ಲ ಎಂದು ಹಿಗ್ಗಿ, ಪ್ರತಿಯೊಂದಕ್ಕೂ ವಿವರವಾಗಿ ಉತ್ತರ ಹೇಳಿದಳು. ಹೇಳುತ್ತ ಹೇಳುತ್ತ ದೂಜ ಇನ್ನಷ್ಟು ಒಳ್ಳೆಯವನಾದ. ತಲೆಗೆ ಎಣ್ಣೆ ಹಚ್ಚಿದ, ಬಿಸಿ ಚಹಾ ತಂದುಕೊಟ್ಟ, ಅಲೆ ಜೋರಾದಾಗ ಕೈ ಹಿಡಿದುಕೊಂಡು ಕೂತ. ಆ ಮಾತುಗಳನ್ನು ಹೆಂಗಸರು ಮಾಳಿಗೆಯ ಮೊಗಸಾಲೆಯಲ್ಲಿ ಕೂತು, ಅವಳದೇ ದನಿಯಲ್ಲಿ, ಒಬ್ಬರಿಗೊಬ್ಬರು ಆಡಿ ತೋರಿಸಿ ಉಸಿರುಗಟ್ಟುವಂತೆ ನಕ್ಕರು.

ಮರುವರ್ಷದ ದೀಪಾವಳಿ ಹತ್ತಿರ ಬಂತು. ಮಿಲ್ಲಿಗೆ ರಜೆ. ಬಸವಂತಪ್ಪ ಒಂದು ಗುಂಪು ಕಟ್ಟಿದ. ಚಾಳಿನ ಕೆಲವು ಸಂಸಾರಗಳು ಸ್ಟೀಮರಿನಲ್ಲಿ ರತ್ನಾಗಿರಿಗೆ ಹೋಗಿ, ಎರಡು ದಿನ ಇದ್ದು ಬರುವುದು. ಕೆಲಸವಿಲ್ಲ, ನೆಂಟರಿಲ್ಲ, ಬರೀ ಸಮುದ್ರದ ಮೇಲೆ ತಿರುಗಾಟ. ಸೇವಂತಿಯ ಟಿಕೆಟನ್ನು ಗುಂಪಿನವರೇ ತೆಗೆಸಿದರು.

"ನೀವಿಲ್ಲದ ನಾವು ಹೆಂಗ ಹೋಗೋಣ್ರೀ ಅಕ್ಕಾರ? ನಮಗೇನು ತಿಳೀತದ?" ಎಂದಳು ರುದ್ರವ್ವ.

ಸೇವಂತಿಯ ಕೈಯಲ್ಲಿದ್ದ ಮೊರ ನಿಂತಿತು. "ಅಯ್ಯೋ, ನನಗೆ ಹೋಟೆಲಿನ ಕೆಲಸ ಉಂಟಲ್ಲ."

"ರಜೆ ಕೊಡುದು ನಾನಲ್ಲವಾ?" ಎಂದು ರಮಾನಾಥ ಹಿಂದಿನಿಂದ ಹೇಳಿದ. "ನಾನೂ ಬರ್ತೇನೆ."

"ಮೈ ಬಿಸಿಯಾಗಿ ಉಂಟು ನಿನ್ನೆಯಿಂದ."

ರುದ್ರವ್ವ ಬಗ್ಗಿ ಅವಳ ಹಣೆ ಮುಟ್ಟಿದಳು. "ತಣ್ಣಗದ. ನೀರ ಹಂಗ ತಣ್ಣಗದ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಬರುವುದಿಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹಾಗೆಂದು ಅವಳಿಗೆ ಬರೀ ಹೆದರಿಕೆ ಇತ್ತೆಂದೂ ಅಲ್ಲ. ತಿಳಿಯದ ವಿಷಯ ಯಾವುದಿದೆ? ಅವಲಕ್ಕಿ ಗೊತ್ತು, ಲಿಂಬೆಹಣ್ಣು ಗೊತ್ತು, ಬಲ ಗೊತ್ತು. ಒಮ್ಮೆ ಹತ್ತಿ ಇಳಿದರೆ ಇಷ್ಟು ವರ್ಷ ಹೇಳಿದ್ದೆಲ್ಲ ನಿಜವೇ ಆಗಿಬಿಡುತ್ತದೆ. ಹಾಗೆ ಯೋಚಿಸಿ ಅವಳು ಗೋಡೆಗೆ ಒರಗಿಸಿಟ್ಟಿದ್ದ ದೂಜನ ಚಾಪೆಯನ್ನು ತೆಗೆದು ಒರೆಸಿದಳು. ಸುತ್ತಿಯೇ ಇಟ್ಟಿದ್ದರಿಂದ ಒಳಗಿನ ಕೆಂಪು ಹಸುರು ಪಟ್ಟೆಗಳು ಹೊಸದರಂತಿದ್ದವು.

ಭಾವೂಚಾ ಧಕ್ಕೆಯಲ್ಲಿ ಅವಳನ್ನೇ ಮುಂದೆ ಬಿಟ್ಟರು. ಅವಳು ಧೈರ್ಯವಾಗಿ ತಾನು ಯಾವಾಗಲೂ ನಿಲ್ಲುತ್ತಿದ್ದ ಕಡೆಗೇ ನಡೆದಳು. ಅದು ಜನ ಇಳಿಯುವ ದಾರಿ. ಅಲ್ಲಿ ಯಾರೂ ಇರಲಿಲ್ಲ. ಹತ್ತುವವರ ಗದ್ದಲ ದೂರದಲ್ಲಿ, ಕಟಕಟೆಯ ಆಚೆ ಕೇಳುತ್ತಿತ್ತು.

"ಅಕ್ಕಾರ, ಸ್ಟೀಮರು ಈ ಕಡೆ ಕಾಣವಲ್ದಲ್ಲ!" ಎಂದು ಬಸವಂತಪ್ಪ ಕೂಗಿದ. ಹಿಂದಿದ್ದವರು ಮುಖ ತಿರುಗಿಸಿ ನಕ್ಕರು.

"ಹಿಂದೆ ಇಲ್ಲೇ ಇತ್ತು. ಈಗ ಬದಲಾಯಿಸಿದ್ದಾರೆ ಕಾಣ್ತದೆ," ಎಂದಳು ಸೇವಂತಿ.

ಓಡಿ ಬಂದು ಹತ್ತಿದರು. ಡೆಕ್ಕಿನ ಮೇಲೆ ಇನ್ನೂ ಜಾಗವಿತ್ತು. ಬಸವಂತಪ್ಪ ತಲೆಯ ಮೇಲಿನ ಟ್ರಂಕು ಇಳಿಸಿ, ಕೈ ಮುಗಿದು ನಿಂತ. "ಹೇಳ್ರಿ ಗುರುಗಳ. ಎಲ್ಲಿ ಹಾಸೋಣು?"

ಸೇವಂತಿ ಸ್ಟೀಮರಿನ ಮೂತಿಯ ಕಡೆ ಮುಖ ಮಾಡಿ ನಿಂತಳು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಮೊದಲ ಸಲ ಮೈಯಲ್ಲಿ ಮಾಡಿದಳು. ಬಲಗೈ ಚಾಚಿದಳು. "ಬಲಕ್ಕೆ."

"ನೀವು ಮೊದಲು ಹಾಸ್ರಿ. ಆಮ್ಯಾಲೆ ನಾವು."

ಅವಳು ಕಟಾಂಜನದ ಪಕ್ಕದಲ್ಲಿ ಚಾಪೆ ಬಿಚ್ಚಿ, ನಾಲ್ಕು ಮೂಲೆಯನ್ನೂ ಕೈಯಿಂದ ಒತ್ತಿ, ನಡುವೆ ಕೂತಳು. ಕೂತು ತಲೆ ಎತ್ತಿದಾಗ ಗುಂಪಿನವರೆಲ್ಲ ಎಡಮಗ್ಗುಲಿಗೆ ಹೋಗಿ ಒಬ್ಬರ ಪಕ್ಕ ಒಬ್ಬರು ಹಾಸಿಗೆ ಬಿಚ್ಚುತ್ತಿದ್ದರು. ಯಾರೂ ಅವಳ ಕಡೆ ನೋಡಲಿಲ್ಲ. ನೋಡದೆಯೇ ಎಲ್ಲರೂ ನಗುತ್ತಿದ್ದರು.

ಸ್ಟೀಮರ್ ಹೊರಟಿತು. ಮೊದಲು ಬಿಸಿಲು ಎಡಕ್ಕೇ ಇತ್ತು. ಸೇವಂತಿ ಅದನ್ನು ಕಂಡು, "ನೋಡಿ, ಬನ್ನಿ ಇಲ್ಲಿ, ಹೇಳಲಿಲ್ಲವಾ?" ಎಂದು ಕರೆದಳು. "ಇರಲಿ ಅಕ್ಕಾ, ಇನ್ನೂ ಹೊತ್ತು ಉಂಟು," ಎಂದ ರಮಾನಾಥ. ಆ ಮಾತಿಗೆ ಮತ್ತೆ ನಗೆ.

ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ದಾಟಿ ಬಂತು. ದಂಡೆ, ಗುಡ್ಡ, ತೆಂಗು ಎಲ್ಲ ಎಡಕ್ಕಿದ್ದವು. ಅವಳ ಎದುರಿಗೆ ಬರೀ ನೀರು, ನೀರಿನ ಮೇಲೆ ಕುದಿಯುವ ಸೂರ್ಯ. ಆಗ ಅವಳಿಗೆ ಅರ್ಥವಾಯಿತು. ಬಲ ಎಡ ಅದಲುಬದಲಾದದ್ದು ಮಾತ್ರವಲ್ಲ, ಇವರಿಗೆ ಎಲ್ಲ ಗೊತ್ತು, ಗೊತ್ತಿದ್ದೇ ಕರೆತಂದಿದ್ದಾರೆ ಎಂಬುದೂ ಅರ್ಥವಾಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅವಳು ಕೂತಲ್ಲೇ ಕೂತಳು.

ಅತ್ತ ಕಡೆ ಚಕ್ಕುಲಿ, ಕರ್ಜಿಕಾಯಿ ಬಿಚ್ಚಿದ್ದರು. ಬಸವಂತಪ್ಪ ಗಟ್ಟಿಯಾಗಿ ಕೇಳಿದ, "ಹೆಂಗದರೀ ನೆರಳು? ತಣ್ಣಗದನು?"

"ತಣ್ಣಗೆ ಉಂಟು," ಎಂದಳು ಸೇವಂತಿ.

ಗಾಳಿ ಎದ್ದಿತು. ಕಟಾಂಜನ ದಾಟಿ ನೀರು ಬಂದು ಬಿತ್ತು. ಅವಳಿಗೆ ಹೊಟ್ಟೆ ತೊಳಸಿತು. ಸೊಂಟದ ಲಿಂಬೆಹಣ್ಣನ್ನು ಕಚ್ಚಿದಳು, ನಿಲ್ಲಲಿಲ್ಲ. ಕಟಾಂಜನದ ಮೇಲೆ ಬಗ್ಗಿದಳು. ಎದುರಿನಿಂದ ಬಂದ ಗಾಳಿ ವಾಂತಿಯನ್ನು ಅವಳ ಮೈಮೇಲೆಯೇ, ಚಾಪೆಯ ಮೇಲೆಯೇ ತಂದು ಹಾಕಿತು. ಅತ್ತ ಕಡೆ ಮಕ್ಕಳು ಚಪ್ಪಾಳೆ ತಟ್ಟಿದವು. ತಟ್ಟಬೇಡಿ ಎಂದು ಯಾರೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ರುದ್ರವ್ವ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಬಂದಳು. ತಂಬಿಗೆಯನ್ನು ಕೊಡದೆ, ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಇಲ್ಯಾಕ ಕುಂತೀಯವಾ? ಆ ಕಡೆ ನನ್ನ ಪಕ್ಕ ಜಾಗಾ ಅದ. ಬಾ."

"ನನಗೆ ಇಲ್ಲೇ ರೂಢಿ."

"ಏನು ರೂಢಿ? ಒಂದ ಮಾತು ಹೇಳಿಬಿಡು. ನಿನ್ನ ಗಂಡ ನಿನ್ನ ಕರಕೊಂಡು ಹೋಗಿದ್ದಿಲ್ಲ ಅಂತ. ಅಷ್ಟ. ಎಲ್ಲಾರೂ ಒಮ್ಮೆ ನಗತಾರ, ಮುಗೀತು. ನೆರಳಿಗೆ ಬಂದು ಕುಂದ್ರು."

ಸೇವಂತಿ ತಂಬಿಗೆಯನ್ನು ನೋಡಿದಳು. ಆಮೇಲೆ ರುದ್ರವ್ವನನ್ನು ನೋಡಿದಳು. ತುಟಿ ಆಗಲೇ ಒಡೆದಿತ್ತು.

"ಅವರು ಬಲಕ್ಕೇ ಹಾಸುದು," ಎಂದಳು.

ರುದ್ರವ್ವ ತಂಬಿಗೆಯೊಂದಿಗೆ ಎದ್ದು ಹೋದಳು. "ಭಾಳ ಸೊಕ್ಕರೀ ಈಕೀಗೆ," ಎಂದು ಅತ್ತ ಕಡೆ ಹೇಳಿದ್ದು ಇತ್ತ ಕೇಳಿಸಿತು.

ರತ್ನಾಗಿರಿಯಲ್ಲಿ ಸ್ಟೀಮರ್ ದಂಡೆಗೆ ಹೋಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ, ದಂಡೆಯಿಂದ ದೋಣಿಗಳು ಬರುತ್ತವೆ. ಸ್ಟೀಮರಿನ ಪಕ್ಕಕ್ಕೆ ಬಿಟ್ಟ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣಕ್ಕೆ ಹಾರಬೇಕು. ತಡವಾದರೆ ದೋಣಿ ಆಳಕ್ಕೆ ಇಳಿದುಬಿಡುತ್ತದೆ. ಕಳೆದ ವರ್ಷ ಹಾರಿ ಕಲಿತಿದ್ದ ಬಸವಂತಪ್ಪ ಉಳಿದವರಿಗೆ ಹೇಳಿಕೊಟ್ಟು, ಒಬ್ಬೊಬ್ಬರನ್ನಾಗಿ ಇಳಿಸಿಕೊಂಡ. ಸೇವಂತಿ ಕೊನೆಗೆ ಏಣಿಯ ತುದಿಗೆ ಬಂದು ನಿಂತಳು. "ಅವಸರ ಮಾಡಬೇಡಿ, ಹಲಗೆ ಇಡುವವರೆಗೆ ಕಾಯಿರಿ," ಎಂದು ಎಷ್ಟು ಜನಕ್ಕೆ ಹೇಳಿದ್ದಳೋ. ಮುಂಬಯಿಯ ಧಕ್ಕೆಯಲ್ಲಿ ಹಲಗೆ ಇಡುತ್ತಾರೆ. ಇಲ್ಲಿ ಹಲಗೆ ಇರಲಿಲ್ಲ, ಕೆಳಗೆ ದೋಣಿ ಏಳುತ್ತಿತ್ತು, ಬೀಳುತ್ತಿತ್ತು.

"ಹಾರು!" ಎಂದು ದೋಣಿಯವನು ಕೂಗಿದ.

ಅವಳು ಚಾಪೆಯನ್ನು ಎದೆಗವಚಿಕೊಂಡು ಏಣಿಯ ಕಂಬವನ್ನು ಹಿಡಿದುಕೊಂಡಳು.

"ನಿನ್ನ ಗಂಡ ಹೆಂಗ ಇಳಸ್ತಿದ್ದ? ಹಂಗ ಇಳಿ!" ಎಂದ ಬಸವಂತಪ್ಪ. ದೋಣಿಯ ತುಂಬ ನಗೆ. "ಹೆಗಲಮ್ಯಾಲೆ ಹೊತ್ಕೊಂಡು ಇಳಸ್ತಿದ್ದನೇನು?"

ಬಲಗಾಲು ಮುಂದೆ ಇಟ್ಟಳು, ಹಿಂದೆ ತೆಗೆದಳು. ಮತ್ತೆ ಇಟ್ಟಳು. ಏಣಿಯ ಮೇಲಿದ್ದ ಖಲಾಸಿಗೆ ತಾಳ್ಮೆ ಹೋಯಿತು. ಅವಳ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ. ಸ್ಟೀಮರಿನ ಭೋಂಗಾ ಕೂಗಿತು. ದೋಣಿ ದಂಡೆಯ ಕಡೆ ತಿರುಗಿತು.

"ಅಕಿ ಅಲ್ಲೇ ಉಳಿದಳಲ್ಲರೀ," ಎಂದಳು ರುದ್ರವ್ವ.

"ಹೋಗಲಿ ಬಿಡು. ಹೋಗೂದು ಗೊತ್ತಿದ್ದಿಲ್ಲ, ಈಗ ಗೊತ್ತಾಗ್ತದ."

ರತ್ನಾಗಿರಿಯಲ್ಲಿ ಗುಂಪಿನವರು ಚೆನ್ನಾಗಿ ತಿರುಗಾಡಿದರು. ಮರಳಿನಲ್ಲಿ ಕೂತರು, ಎಳನೀರು ಕುಡಿದರು, ಸೇವಂತಿ ಏಣಿಯ ಮೇಲೆ ಕಾಲು ಇಟ್ಟು ತೆಗೆದದ್ದನ್ನು ರಮಾನಾಥ ಪಂಚೆ ಎತ್ತಿಕೊಂಡು ಆಡಿ ತೋರಿಸಿದ. ಮರಳುವ ದಿನ ಬೆಳಿಗ್ಗೆ, ವೆಂಗುರ್ಲೆಯವರೆಗೆ ಹೋಗಿದ್ದ ಅದೇ ಸ್ಟೀಮರ್ ಹಿಂತಿರುಗಿ ಬಂತು. ದೋಣಿಯಿಂದ ಹತ್ತಿ ಬಂದಾಗ ಡೆಕ್ಕಿನ ಮೇಲೆ ಒಬ್ಬ ಹೆಂಗಸು ಬಕೀಟು ಇಟ್ಟುಕೊಂಡು ನೆಲ ತಿಕ್ಕುತ್ತಿದ್ದಳು. ಮುಖದ ಚರ್ಮ ಎದ್ದಿತ್ತು. ಸೇವಂತಿಯೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಟಿಕೆಟು ರತ್ನಾಗಿರಿಯವರೆಗೆ ಮಾತ್ರ ಇದ್ದುದರಿಂದ ಸ್ಟೀಮರಿನವರು ಅವಳಿಗೆ ಪಾಯಿಖಾನೆ ತೊಳೆಯುವ, ಡೆಕ್ಕು ತಿಕ್ಕುವ ಕೆಲಸ ಹಚ್ಚಿದ್ದರು. ಮಾಲವಣದಲ್ಲಿ ಸ್ಟೀಮರ್ ನಿಂತಾಗಲೂ ಅವಳು ತಲೆ ಎತ್ತದೆ ತಿಕ್ಕುತ್ತಿದ್ದಳಂತೆ. ಒಬ್ಬ ಖಲಾಸಿ ಹಾಗೆ ಹೇಳಿದ.

ಅವಳ ಚಾಪೆ ಬಲಮಗ್ಗುಲಲ್ಲಿ ಹಾಸಿತ್ತು. ತೊಳೆದು ಒಣಗಿಸಿದ್ದಳು. ಉಪ್ಪಿಗೆ ಬಣ್ಣ ಮಾಸಿತ್ತು.

ಈಗ ಸ್ಟೀಮರ್ ಉತ್ತರಕ್ಕೆ ಹೋಗುವುದು. ಬಲವೆಂದರೆ ದಂಡೆ, ಬಲವೆಂದರೆ ಮಧ್ಯಾಹ್ನದ ನೆರಳು. ಇಷ್ಟು ವರ್ಷ ಅವಳು ಹೇಳಿದ್ದು ಒಂದೊಂದೂ ಇನ್ನು ಸರಿಯಾಗುವುದಿತ್ತು. ಬಸವಂತಪ್ಪನಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ನೇರವಾಗಿ ಬಲಕ್ಕೆ ನಡೆದ. ಅವಳ ಚಾಪೆಯ ಒಂದು ಅಂಚನ್ನು ಕಾಲಿನಿಂದ ಮಡಿಸಿ, ಅಲ್ಲಿ ಟ್ರಂಕು ಇಟ್ಟ. ಹಾಸಿದ ಚಾಪೆಯನ್ನು ಹಾಗೆ ಯಾರೂ ಮುಟ್ಟುವುದಿಲ್ಲ. ಪಕ್ಕದ ಚಾಪೆಯ ಕೊಂಕಣಿ ಮುದುಕನೊಬ್ಬ ತಲೆ ಎತ್ತಿ ನೋಡಿದ, ಗುಂಪು ದೊಡ್ಡದಿದೆ ಎಂದು ಕಂಡು ತನ್ನ ಚಾಪೆಯನ್ನು ಆಚೆ ಎಳೆದುಕೊಂಡ.

"ಇದು ನನ್ನ ಜಾಗ," ಎಂದಳು ಸೇವಂತಿ, ಬಕೀಟು ಹಿಡಿದುಕೊಂಡೇ.

"ನಿಂದು ಎಡಕ್ಕ. ಹೋಗುವಾಗ ನಾವು ಎಡಕ್ಕ ಕುಂತಿದ್ದಿಲ್ಲೇನು? ಈಗ ನೀ ಕುಂದ್ರು. ಸರತಿ."

"ಬರುವಾಗ ಬಲಕ್ಕೆ ಅಂತ ಹೇಳಿದ್ದು ನಾನು."

"ಹೇಳಿದ್ದಿ. ಅದಕ್ಕ ಕುಂತೀವಿ." ಬಸವಂತಪ್ಪ ಚಾಪೆಯನ್ನು ಪೂರ್ತಿ ಸುತ್ತಿ ಅವಳ ಕೈಗೆ ಕೊಟ್ಟ.

ಸೇವಂತಿ ರಮಾನಾಥನ ಕಡೆ ನೋಡಿದಳು. ಅವನು ತನ್ನ ಹಾಸಿಗೆಯ ಹಗ್ಗ ಬಿಚ್ಚುವುದರಲ್ಲಿ ಮುಳುಗಿದ್ದ. ಅವಳು ಎಡಮಗ್ಗುಲಿಗೆ ಹೋಗಿ ಹಾಸಿಕೊಂಡಳು. ಮಧ್ಯಾಹ್ನ ತಿರುಗಿತು, ಸೂರ್ಯ ಎಡಕ್ಕೆ ಬಂದ. ಎದ್ದ ಚರ್ಮದ ಮೇಲೆ ಬಿಸಿಲು ಎರಡನೆಯ ಸಲ ಕೂತಿತು. ರುದ್ರವ್ವ ಮತ್ತೊಮ್ಮೆ ಬಂದಳು. ಈ ಸಲ ತಂಬಿಗೆಯನ್ನೂ ತರಲಿಲ್ಲ.

"ಈಗರ ಹೇ‍ಳತೀಯೇನವಾ?"

ಸೇವಂತಿ ಕಣ್ಣು ಮುಚ್ಚಿಕೊಂಡಳು.

ಸಂಜೆಗೆ ಮುಂಬಯಿ ಕಂಡಿತು. ಇಲ್ಲಿಂದ ಮುಂದಿನದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಹಲಗೆ ಎಲ್ಲಿ ಬೀಳುತ್ತದೆ, ಮೊದಲು ಯಾರನ್ನು ಬಿಡುತ್ತಾರೆ, ನೂಕುನುಗ್ಗಲಿಗೆ ಸಿಗದೆ ಎಲ್ಲಿ ನಿಲ್ಲಬೇಕು. ಅವಳು ಚಾಪೆಯನ್ನು ಬಗಲಲ್ಲಿ ಇಟ್ಟುಕೊಂಡು ಸರಿಯಾದ ಜಾಗದಲ್ಲೇ ನಿಂತಳು. ಹಲಗೆ ಅವಳ ಕಾಲ ಬುಡಕ್ಕೇ ಬಿತ್ತು. ಗುಂಪಿನವರು ಅವಳ ಬೆನ್ನಿಗಿದ್ದರು.

ಧಕ್ಕೆಯ ಮೇಲೆ ಚಂಪಾ ಇದ್ದಳು. ಸ್ಟೀಮರ್ ಬರುವ ಹೊತ್ತಿಗೆ ಬುಟ್ಟಿ ಇಟ್ಟು ಬಾಳೆಹಣ್ಣು ಮಾರುವ ಮರಾಠಿ ಹೆಂಗಸು. ಕಾದು ನಿಲ್ಲುವ ದಿನಗಳಲ್ಲಿ ಸೇವಂತಿಗೆ ಕೂರಲು ಬುಟ್ಟಿಯ ಪಕ್ಕ ಗೋಣಿ ಹಾಸಿಕೊಟ್ಟವಳು. ಚಾಪೆಯ ಕಥೆಯನ್ನು ಅದೆಷ್ಟು ಸಲ ಕೇಳಿದ್ದಳೋ. ಹಲಗೆಯ ಮೇಲೆ ಸೇವಂತಿಯನ್ನು ಕಂಡು ಅವಳು ಎದ್ದೇ ನಿಂತಳು.

"ಅಗಬಾಯಿ! ಸೇವಂತೀ!" ಎಂದು ಮರಾಠಿಯಲ್ಲಿ ಕೂಗಿದಳು. ಚಾಳಿನವರಿಗೆಲ್ಲ ತಿಳಿಯುವ ಮರಾಠಿಯೇ ಅದು. "ಇಷ್ಟು ವರ್ಷ ಇಲ್ಲಿ ನಿಂತು ಕಾದೆಯಲ್ಲೇ! ಇವತ್ತು ನೀನೇ ಇಳಿದು ಬರುತ್ತಿದ್ದೀಯಾ? ಚಾಪೆಯನ್ನೂ ತಂದಿದ್ದೀಯಾ! ಕೊನೆಗೂ ಬಂದನಾ ನಿನ್ನ ಗಂಡ? ಕರಕೊಂಡು ಹೋದನಾ?"

ಬಿಸಿಲಿನಲ್ಲಿ ಎರಡು ಸಲ ಬೆಂದರೂ ಬಾಯಿಂದ ಬೀಳದ ಮಾತು ಎಲ್ಲರ ಎದುರಿಗೆ, ಧಕ್ಕೆಯ ಕಲ್ಲಿನ ಮೇಲೆ ಬಿತ್ತು. ಬೆನ್ನ ಹಿಂದೆ ಬಸವಂತಪ್ಪ ಉಸಿರು ಬಿಗಿಹಿಡಿದು ನಿಂತ. ರುದ್ರವ್ವ ರಮಾನಾಥನ ತೋಳನ್ನೇ ತಿವಿದಳು.

ಸೇವಂತಿ ಹಲಗೆ ಇಳಿದಳು. ಒಡೆದ ತುಟಿಯಲ್ಲಿ ನಗಲು ಹೋಗಿ ರಕ್ತ ಬಂತು.

"ಹೌದು ಚಂಪಾ. ಬಂದರು. ಕರಕೊಂಡು ಹೋದರು."

"ಎಲ್ಲಿ? ಎಲ್ಲಿದ್ದಾನೆ?"

"ಹಿಂದೆ ಇದ್ದಾರೆ. ಸಾಮಾನು ತರ್ತಾ ಇದ್ದಾರೆ."

ಇಷ್ಟು ಹೇಳಿ, ನಿಲ್ಲದೆ, ಜನರ ನಡುವೆ ನಡೆದುಹೋದಳು. ಆಗ ಬಂದ ನಗೆಗೆ ಹಮಾಲರು ಕೂಡ ತಿರುಗಿ ನೋಡಿದರು. ರುದ್ರವ್ವ ನೆಲಕ್ಕೆ ಕೂತು ನಕ್ಕಳು. ಮುಂದೆ ಚಾಳಿನಲ್ಲಿ ಯಾವ ಗಂಡಸು ಎಲ್ಲಿಗೆ ಹೋಗಿ ತಡವಾದರೂ, ಎಲ್ಲಿ ನಿಮ್ಮವರು ಎಂದು ಕೇಳಿದರೆ, ಹಿಂದೆ ಇದ್ದಾರೆ, ಸಾಮಾನು ತರ್ತಾ ಇದ್ದಾರೆ ಎನ್ನುವುದು ರೂಢಿಯಾಯಿತು. ಮೆಟ್ಟಿಲ ಕೆಳಗೆ ಯಾರೂ ಬಗ್ಗಲಿಲ್ಲ. ಸ್ಟೀಮರಿನ ವಿಷಯ ಕೇಳುವವರು ಬಸವಂತಪ್ಪನ ಖೋಲಿಗೆ ಹೋದರು. ಒಣ ಅವಲಕ್ಕಿ, ಸೊಂಟದಲ್ಲಿ ಲಿಂಬೆಹಣ್ಣು, ಮಗುವಿನ ಸೊಂಟಕ್ಕೆ ಸೀರೆಯ ಅಂಚು ಎಂದು ಅವಳು ಹೇಳುತ್ತಿದ್ದುದನ್ನೇ ಅವನು ಹೇಳಿದ. ಹೋಗುವಾಗ ಎಡಕ್ಕೆ ಎಂಬುದನ್ನು ಮಾತ್ರ ಸೇರಿಸಿದ.

ಆ ಸಂಜೆ ಚಂಪಾ ಬುಟ್ಟಿಯಿಂದ ಒಳ್ಳೆಯದೊಂದು ಬಾಳೆಹಣ್ಣಿನ ಚಿಪ್ಪನ್ನು ಆರಿಸಿ ಕೈಯಲ್ಲಿ ಹಿಡಿದು, ಹಲಗೆಯ ಬುಡದಲ್ಲಿ ನಿಂತಿದ್ದಳು. ಸಾಮಾನು ಹೊತ್ತು ಇಳಿಯುವ ಒಬ್ಬೊಬ್ಬ ಗಂಡಸಿನ ಮುಖವನ್ನೂ ನೋಡುತ್ತಿದ್ದಳು. ಬಸ್ಸಿನ ಕಡೆ ಹೊರಟಿದ್ದ ಬಸವಂತಪ್ಪ ಅದನ್ನು ಕಂಡು ಟ್ರಂಕನ್ನು ರುದ್ರವ್ವನ ಕಾಲ ಬಳಿ ಇಳಿಸಿದ.

"ತಡೀ, ಬಂದೆ," ಎಂದು, ಚಂಪಾಳಿಗೆ ನಿಜ ಸಂಗತಿ ತಿಳಿಸಲು ತಿರುಗಿ ಹೋದ.